ಗುಡ್ಡದ ಮೇಲಿನ ಸಿಳ್ಳು

ಮಲಪ್ರಭೆಯ ದಂಡೆಯಲ್ಲಿ ಕಲ್ಲಯ್ಯಜ್ಜನ ಮಠವಿತ್ತು. ಮಠದ ಹಿಂದೆ ಗರಡಿ. ಅಲ್ಲಿ ಅಜ್ಜ ಹನ್ನೆರಡು ಮಂದಿಯನ್ನು ತಯಾರು ಮಾಡಿದ್ದರು.

ದೊಡ್ಡ ದಂಡು ಹೋಗಲಾಗದ ಕಡೆಗೆ ನಾಡಿನ ಒಡೆಯರಾದ ದೇಸಾಯರು ಈ ಹನ್ನೆರಡು ಮಂದಿಯನ್ನು ಕಳಿಸುತ್ತಿದ್ದರು. ಅವರ ನಾಯಕ ರಾಚೋಟಿ.

ಒಮ್ಮೆ ದರೋಡೆಕೋರರು ಐವರು ನೇಕಾರರನ್ನು ಹಿಡಿದು ಗುಡ್ಡದ ಗವಿಯಲ್ಲಿ ಕೂಡಿಹಾಕಿದರು. ಕಾವಲಿನವರು ಉಂಡು ತೂಕಡಿಸುವ ಮಧ್ಯಾಹ್ನದ ಹೊತ್ತಿಗೆ ರಾಚೋಟಿಯ ತಂಡ ಗುಡ್ಡ ಹತ್ತಿತು. ಐವರನ್ನೂ ಜೀವಂತ ಕರೆತಂದಿತು. ಊರೆಲ್ಲ ಕುಣಿಯಿತು.

ಮರುದಿನ ರಾಚೋಟಿ ಅಜ್ಜನ ಕಾಲಿಗೆ ಬಿದ್ದ.

“ಹ್ಯಾಂಗಾತು?” ಎಂದರು ಅಜ್ಜ.

“ನೀವು ಕಲಿಸಿದಂಗ ಆತ್ರಿ ಅಜ್ಜಾರ. ಯಾರ ಕಣ್ಣಿಗೂ ಬೀಳಲಿಲ್ಲ.”

“ಹಂಗಾದ್ರ ಹುಸೇನಿ ಯಾಕ ಊಟ ಬಿಟ್ಟಾನ?”

ಹುಸೇನಿ ತಂಡದಲ್ಲಿ ಎಲ್ಲರಿಗಿಂತ ಹಿರಿಯ. ನಿನ್ನೆಯಿಂದ ಗರಡಿಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದ.

ರಾಚೋಟಿ ತಲೆ ತಗ್ಗಿಸಿದ.

“ಗುಡ್ಡ ಹತ್ತುವಾಗ ಒಬ್ಬ ಸಿಳ್ಳು ಹಾಕಿದ. ಕಳ್ಳರಿಗೆ ಸುಳಿವು ಕೊಡಾಕತ್ತಾನ ಅಂದ್ಕೊಂಡೆ. ಬಡಿಗೆಯಿಂದ ಹೊಡೆದೆ, ಬಲಗೈ ಎಲುಬು ಮುರೀತು. ಆಮ್ಯಾಲೆ ನೋಡಿದ್ರ ಕುರಿ ಕಾಯಾವ. ಕುರಿ ಕರೀತಿದ್ದ, ಅಷ್ಟ.”

“ದೇಸಾಯರಿಗೆ ಹೇಳಿದ್ಯೇನು?”

“ಇಲ್ರಿ. ನಮ್ಮ ಕೆಲಸ ಗುಟ್ಟಿನದಲ್ಲೇನ್ರಿ? ಹುಸೇನಿ ಹೇಳೂಣು ಅಂದ. ನಾನೇ ಅವನ ಬಾಯಿ ಮುಚ್ಚಿಸಿದೆ.”

ಅಜ್ಜ ಎದ್ದು ಕೋಲು ಹಿಡಿದರು.

“ಎಲ್ಲಿಗ್ರಿ ಅಜ್ಜಾರ?”

“ಆ ಕುರಿ ಕಾಯಾವನ ಮನಿಗೆ. ಹೋಗೂ ದಾರಿ ಗುಟ್ಟಾಗಿರಲಿ ಅಂತ ಕಲಿಸಿದೆ. ಮಾಡಿದ ಕೆಲಸಾನೂ ಗುಟ್ಟಾಗಿರಲಿ ಅಂತ ನಿನಗ ಕೇಳಿಸಿದ್ರ, ಕಲಿಸಿದವನೂ ತಪ್ಪಿದಂಗ.”

ಎಪ್ಪತ್ತು ದಾಟಿದ ಅಜ್ಜ ಬಿಸಿಲಲ್ಲಿ ಮೂರು ಹರದಾರಿ ನಡೆದರು; ರಾಚೋಟಿ ಅವರ ಹಿಂದೆ ನಡೆದ.

ಕುರುಬರ ಮಾಳಿಂಗ ಗುಡಿಸಲ ಮುಂದೆ ಕೂತಿದ್ದ. ಮುರಿದ ಕೈಗೆ ಬಿದಿರ ಸೀಳು ಕಟ್ಟಿತ್ತು. ಅಜ್ಜ ಅವನಿಗೆ ಕೈಮುಗಿದು ಪಕ್ಕಕ್ಕೆ ಸರಿದರು.

ರಾಚೋಟಿ ಮುಂದೆ ಬಂದ. “ನಿನಗ ಹೊಡೆದವ ನಾನು,” ಎಂದ.

ಮಾಳಿಂಗನ ಹೆಂಡತಿ ನೀಲವ್ವ ಹೊರಗೆ ಬಂದಳು.

“ಇದ್ದಾನೋ ಸತ್ತಾನೋ ಅಂತ ನೋಡಾಕರ ಒಬ್ಬ ಹೊಳ್ಳಿ ಬರ್ತಾನಂತ ದಾರಿ ನೋಡಿದೆ. ಈಗ ಬಂದಿ. ಕುರಿ ಉಣ್ಣೆ ಕತ್ತರಿಸೂ ದಿನ ಬಂದಾವು. ಇವನ ಕೈ ನೀ ಕೊಡ್ತಿಯೇನು?”



ರಾಚೋಟಿ ಅಲ್ಲಿಂದ ನೆಟ್ಟಗೆ ದೇಸಾಯರ ವಾಡೆಗೆ ಹೋಗಿ ನಡೆದದ್ದನ್ನು ಹೇಳಿದ.

ದೇಸಾಯರ ಮುಖ ಕೆಂಪಾಯಿತು. “ಇದು ಹೊರಗ ಬಿದ್ರ ಮಂದಿ ನಿಮ್ಮನ್ನ ನಂಬ್ತಾರೇನು?”

“ಗೊತ್ತಿಲ್ರಿ ಧಣಿ. ಮುಚ್ಚಿಟ್ಟಿದ್ರ ನೀವೂ ನಮ್ಮನ್ನ ನಂಬಬಾರದಿತ್ತು.”

ಕಡೆಗೆ ದೇಸಾಯರು ತುಂಬಿದ ಸಭೆಯಲ್ಲಿ ಆದದ್ದನ್ನು ಆದಂತೆ ಸಾರಿಸಿದರು. ಎಲುಬು ಕೂಡಿಸುವ ವೈದ್ಯನನ್ನು ಮಾಳಿಂಗನ ಮನೆಗೆ ಕಳಿಸಿದರು. ನಾಯಕತನವನ್ನು ರಾಚೋಟಿಯಿಂದ ತೆಗೆದು ಹುಸೇನಿಗೆ ಕೊಟ್ಟರು.

ರಾಚೋಟಿ ಮೂರು ತಿಂಗಳ ರಜೆ ಕೇಳಿ, ಮಾಳಿಂಗನ ಹಟ್ಟಿಗೆ ಹೋಗಿ ಕತ್ತರಿ ಹಿಡಿದ.

ಮೊದಲ ದಿನ ಎರಡು ಕುರಿಗಳ ಚರ್ಮ ಗೀರಿದ. ನೀಲವ್ವ ಬೈದಳು. ಹತ್ತನೆಯ ದಿನ ಬೈಯಲಿಲ್ಲ. ತಿಂಗಳಾದ ಮೇಲೆ ರೊಟ್ಟಿ ಕೊಡುವಾಗ “ಇನ್ನೊಂದು ಹಾಕಲೇನು?” ಎಂದಳು.

ಮಾಳಿಂಗ ಗುಡ್ಡ ತೋರಿಸಿದ, ಸಿಳ್ಳು ಹಾಕಿ ತೋರಿಸಿದ. “ಈ ಸಿಳ್ಳು ಕುರಿ ಕರಿಯೂದು. ಇದು ತ್ವಾಳ ಬಂತು ಅನ್ನೂದು. ಗುರುತಿಲ್ಲದವರು ಬಂದ್ರ ಹಿಂಗ.” ರಾಚೋಟಿ ಒಂದೊಂದನ್ನೂ ಕಲಿತ.

ಮಾಳಿಂಗನ ಕೈ ಕೊಂಚ ಸೊಟ್ಟಗೆ ಕೂಡಿತು. ಆದರೂ ಕತ್ತರಿ ಹಿಡಿಯುವಷ್ಟು ಗಟ್ಟಿಯಾಯಿತು.

ರಾಚೋಟಿ ರಜೆ ಮುಗಿಸಿ ಗರಡಿಗೆ ಮರಳಿದ ಹೊತ್ತಿಗೆ ದರೋಡೆಕೋರರು ಮತ್ತೆ ಎಂಟು ಮಂದಿ ದಾರಿಹೋಕರನ್ನು ಹಿಡಿದರು. ಯಾರೂ ಕರೆಯದೆ ಮಾಳಿಂಗನೇ ಗರಡಿಗೆ ಬಂದ.

“ಅವರೀಗ ಹಳೇ ಗವಿಯಾಗ ಇಲ್ಲ,” ಎಂದ. “ನಮ್ಮ ಕುರಿ ಮೇಯೂ ಕಡೆ ಅದಾರ. ದಾರಿ ನಾ ತೋರಸ್ತೀನಿ.”

ಹುಸೇನಿ ರಾಚೋಟಿಯತ್ತ ನೋಡಿದ. “ಸಿಳ್ಳು ತಿಳಿದವ ಮುಂದಿರಬೇಕು. ನಡಿ.”

ಹೊರಡುವ ಮುನ್ನ ರಾಚೋಟಿ ಅಜ್ಜನೆದುರು ಬಾಗಿದ.

“ಈ ಸಲ ಒಂದೂ ತಪ್ಪಾಗಬಾರದು ಅಂತ ಆಶೀರ್ವಾದ ಮಾಡ್ರಿ ಅಜ್ಜಾರ.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

“ಅಂಥಾ ಆಶೀರ್ವಾದ ನನ್ನ ಕಡೆ ಇಲ್ಲಪಾ. ಹೋಗಿ ಬಾ. ಬಂದ ಮ್ಯಾಲೆ, ಆದದ್ದನ್ನ ನಾ ಕೇಳೂದಕ್ಕ ಮೊದಲೇ ಹೇಳು.”