ಮೊಣಕೈ ತಾಗುವ ಪಂಕ್ತಿ

ತೇಗದ ನೆಡುತೋಪಿಗೆ ಬಂದ ಹೊಸ ಸಾಹೇಬರು ಗುಂಡಿಗಳ ಸಾಲು ನೋಡಿ ಸಿಡಿಮಿಡಿಗೊಂಡರು.

"ಇಷ್ಟು ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ? ಎರಡು ಗುಂಡಿಯ ನಡುವೆ ಇನ್ನೊಂದು ಸಸಿ ನೆಡಿ. ಗಿಡ ದುಪ್ಪಟ್ಟಾದರೆ ಅವು ಗಾಳಿಯಿಂದ ಹೀರುವ ಇಂಗಾಲವೂ ದುಪ್ಪಟ್ಟು! ಆಗದವರು ನಾಳೆಯಿಂದ ಕೆಲಸಕ್ಕೆ ಬರಬೇಡಿ."

ಆಳುಗಳ ಮುಂದಾಳು ಫಕೀರವ್ವ ಎದುರಾಡಲಿಲ್ಲ. "ಆತ್ರಿ ಸಾಹೇಬ್ರ. ಮೊದ್ಲ ಊಟ ಮಾಡ್ರಿ" ಅಂದಳು.

ಸಸಿ ನೆಡಲು ಶುರುಮಾಡುವ ದಿನ ಅಲ್ಲಿ ಎಲ್ಲರಿಗೂ ಹೋಳಿಗೆ ಊಟ. ಫಕೀರವ್ವ ಒಂದು ಎಲೆಯ ಜಾಗದಲ್ಲಿ ಎರಡರಂತೆ, ಬಾಳೆಎಲೆಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಏರುವಂತೆ ಹಾಸಿದಳು. ಇಬ್ಬರು ದಢೂತಿ ಆಳುಗಳ ನಡುವೆ ಸಾಹೇಬರನ್ನು ಕೂರಿಸಿದಳು. ತುತ್ತು ಎತ್ತಿದರೆ ಎಡಗಡೆಯವನ ಮೊಣಕೈ ಪಕ್ಕೆಗೆ ತಿವಿಯಿತು. ಬಲಗಡೆಯವನ ಸಾರು ಅವರ ಎಲೆಗೆ ಹರಿಯಿತು. ಅವರ ಹೋಳಿಗೆ ಅವನ ಬಾಯಿ ಸೇರಿತು.

"ಏನಮ್ಮ ಇದು? ಹೊಟ್ಟೆಗೇನೂ ಹೋಗ್ತಿಲ್ಲ!"

"ಎಲಿ ದುಪ್ಪಟ್ಟ ಹಾಕೇನ್ರಿ. ಉಂಡದ್ದೂ ದುಪ್ಪಟ್ಟ ಆಗಬೇಕಿತ್ತಲ್ರಿ? ಗಿಡಕ್ಕೂ ಮೊಣಕೈ ಅದಾವ್ರಿ. ಸೊರಗಿದ ಮರ ನಿಮ್ಮ ಇಂಗಾಲ ಎಲ್ಲಿ ತುಂಬಿಕೋಬೇಕ್ರಿ?"

ಪಂಕ್ತಿಯೆಲ್ಲ ಘೊಳ್ಳೆಂದು ನಕ್ಕಿತು. ಸಾಹೇಬರು ಗುಂಡಿಗಳ ಕಡೆ ನೋಡಿದರು, ಪಕ್ಕೆ ಉಜ್ಜಿಕೊಂಡರು.

"ಗುಂಡಿ ಇದ್ದ ಹಾಗೇ ಇರಲಿ. ಮೊದಲು ನನ್ನ ಎಲೆ ದೂರ ಹಾಕು."

ಫಕೀರವ್ವ ಹೊಸ ಎಲೆ ದೂರಕ್ಕೆ ಹಾಸಿ, ಮೂರು ಹೋಳಿಗೆ ಬಡಿಸಿದಳು.

"ಈಗ ಬೇಕಾದಷ್ಟು ಬೆಳೀರಿ, ಸಾಹೇಬ್ರ."