ಕೈ ಕಟ್ಟಿ ಕೂತ ಸಾಹೇಬರು

ಅಂಗನವಾಡಿಯ ಅಂಗಳದಲ್ಲಿ ಮಕ್ಕಳು ಮಣ್ಣಿನ ಎತ್ತು ಮಾಡುತ್ತಿದ್ದವು. ತಪಾಸಣೆಗೆ ಬಂದ ಸಾಹೇಬರು ಕೆಂಡವಾದರು.

"ಸಂತಿ ಏನ್ರೀ ಇದು? ಎಲ್ಲಾರೂ ಕೈ ಕಟ್ಟಿ, ಬಾಯಿ ಮುಚ್ಚಿ ಅರ್ಧ ತಾಸು ಕೂಡಬೇಕು. ಇಲ್ಲಾಂದ್ರ ನಿಮ್ಮ ಮ್ಯಾಲೆ ವರದಿ ಬರೀತೀನಿ!"

ಟೀಚರ್ ಶಾವಂತ್ರೆವ್ವ ಒಂದು ಚಾಪೆ ತಂದು ಹಾಸಿದಳು.

"ಆತ್ರೀ ಸಾಹೇಬ್ರ. ಸಣ್ಣ ಮಕ್ಕಳು ಹೇಳಿದ್ರ ಕಲಿಯಂಗಿಲ್ಲ, ನೋಡಿ ಕಲೀತಾವು. ನೀವ ಒಂದೀಟು ಕುಂತು ತೋರಸ್ರಿ."

ಮರ್ಯಾದೆಯ ಪ್ರಶ್ನೆ! ಸಾಹೇಬರು ಚಾಪೆಯ ಮೇಲೆ ಕೈ ಕಟ್ಟಿ ಕೂತರು. ಮಕ್ಕಳು ಸುತ್ತ ನಿಂತು ನೋಡಿದವು. ಎರಡೇ ನಿಮಿಷಕ್ಕೆ ಸಾಹೇಬರ ಮೂಗು ತುರಿಸಿತು. ಆಮೇಲೆ ಕಾಲು ಜೋಮು ಹಿಡಿಯಿತು.

"ಸಾಹೇಬ್ರು ಅಳ್ಳಾಡಿದ್ರು!" ಮಕ್ಕಳು ಕೂಗಿದವು. ಒಬ್ಬ ಪುಟ್ಟ ಹುಡುಗಿ ಪಾಪವೆನಿಸಿ ಅವರ ಕೈ ಬಿಡಿಸಿ, ಒಂದು ಮುದ್ದೆ ಮಣ್ಣು ಇಟ್ಟಳು.

ತಾಸು ಕಳೆಯಿತು.

"ಸಾಹೇಬ್ರ, ವರದಿ?" ಎಂದಳು ಶಾವಂತ್ರೆವ್ವ.

ಸಾಹೇಬರು ತಲೆ ಎತ್ತಲಿಲ್ಲ. "ತಡೀರಿ ಅಕ್ಕೋರ, ಇದಕ್ಕಿನ್ನೂ ಕೋಡು ಹಚ್ಚಬೇಕು."