ಮೂರು ಪೆಟ್ಟಿಗೆಗೂ ಕೆಂಚಿಯ ಒಂದೇ ಪ್ರಶ್ನೆ

ಹೊಂಗೆ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಅಂದು ಬೆಳಗಿನಿಂದಲೇ ಗದ್ದಲವೋ ಗದ್ದಲ! ಚತುರಪ್ಪ ಎಂಬ ನರಿ ಪಟ್ಟಣದಿಂದ ಮೂರು ಮಾತಾಡುವ ಪೆಟ್ಟಿಗೆಗಳನ್ನು ತಂದಿತ್ತು. ಚಾಟ್‌ಬಾಟ್ ಅಂತೆ! ಏನು ಕೇಳಿದರೂ ಉತ್ತರ ಹೇಳುತ್ತವಂತೆ!

ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೆಂಚಿ ಎಂಬ ಜಿಂಕೆ ಓಡೋಡಿ ಬಂತು. ಅದರ ಮರಿಯ ಕಾಲಿಗೆ ಮುಳ್ಳು ಚುಚ್ಚಿ ಬಾತುಕೊಂಡಿತ್ತು. ಎರಡು ದಿನದಿಂದ ಮರಿ ಎದ್ದು ನಿಂತಿರಲಿಲ್ಲ. ಹುಲಿ ತಿರುಗಾಡುವ ಕಾಡಿನಲ್ಲಿ ಓಡಲಾರದ ಮರಿ ಉಳಿಯುವುದುಂಟೆ?

“ನರಿಯಣ್ಣ, ನನ್ನ ಮಗುವಿನ ಕಾಲಿಗೆ ಏನು ಮಾಡಲಿ ಅಂತ ಕೇಳಬೇಕಿತ್ತು. ಯಾವುದನ್ನು ಕೇಳಲಿ?”

ನರಿ ಮೀಸೆ ತಿರುವಿತು. “ಇದು ಚುಟುಕ. ಥಟ್ಟನೆ ಹೇಳುತ್ತೆ, ಬುದ್ಧಿ ಕಮ್ಮಿ. ಇದು ವಿಚಾರಿ. ಬಲು ನಿಧಾನ. ಇದು ನೋಡಮ್ಮ, ಮಹಾಜ್ಞಾನಿ! ಮೊನ್ನೆ ಬಂದ ಹೊಸ ಮಾಡೆಲ್. ಇದಕ್ಕೆ ಗೊತ್ತಿಲ್ಲದ್ದೇ ಇಲ್ಲ. ಆದರೆ ಒಂದು ಪ್ರಶ್ನೆಗೆ ಒಂದು ಬುಟ್ಟಿ ನೇರಳೆಹಣ್ಣು ತರಬೇಕು.”

“ಚುಟುಕನೇ ಸಾಕು ಕೆಂಚಕ್ಕ, ಬೇಗ ಹೇಳುತ್ತಲ್ಲ!” ಎಂದಿತು ಮೊಲ.

“ಛೆ ಛೆ, ತಗೊಂಡರೆ ಮಹಾಜ್ಞಾನಿಯನ್ನೇ ತಗೋ!” ಎಂದಿತು ಕಾಡುಹಂದಿ.

“ಪಟ್ಟಣದಲ್ಲಿ ಎಲ್ಲರೂ ವಿಚಾರಿಯನ್ನೇ ಕೇಳ್ತಾರಂತೆ!” ಮರದ ಮೇಲಿಂದ ಕೋತಿ ಕೂಗಿತು.

ಕೆಂಚಿಗೆ ತಲೆ ಗಿರ್ರೆಂದಿತು. ‘ಮಗುವಿನ ಕಾಲಿಗೆ ಮದ್ದೇನೆಂದು ನನಗೇ ಗೊತ್ತಿಲ್ಲ. ಪೆಟ್ಟಿಗೆ ತಪ್ಪು ಹೇಳಿದರೆ ತಿಳಿಯುವುದು ಹೇಗೆ?’ ಎಂದು ಯೋಚಿಸಿತು. ತಟ್ಟನೆ ಅದರ ಕಿವಿ ನಿಮಿರಿತು. ನನಗೆ ಗೊತ್ತಿರುವುದನ್ನೇ ಮೊದಲು ಕೇಳಿದರೆ?

“ಹಣ್ಣು ತರುವ ಮೊದಲು ಮೂರಕ್ಕೂ ಒಂದೇ ಪ್ರಶ್ನೆ ಕೇಳಲೇ ಅಣ್ಣ?”

“ಧಾರಾಳವಾಗಿ ಕೇಳು!”

“ಕರಿಬಂಡೆಯ ಹತ್ತಿರ ಹೊಳೆ ದಾಟೋದು ಎಲ್ಲಿ?”

“ಎಲ್ಲಿ ಬೇಕಾದರೂ ದಾಟು!” ಎಂದಿತು ಚುಟುಕ.

“ಬಂಡೆಯ ಎಡಗಡೆ!” ಮಹಾಜ್ಞಾನಿ ಗಂಟೆ ಬಾರಿಸಿದಂತೆ ನುಡಿಯಿತು. “ಮೊಣಕಾಲುದ್ದ ನೀರು, ಕೆಳಗೆ ಗಟ್ಟಿ ಮರಳು. ಅನುಮಾನವೇ ಬೇಡ!”

ಎಲ್ಲರೂ ಕೇಕೆ ಹಾಕಿದರು. ವಿಚಾರಿ ಮಾತ್ರ ಸ್ವಲ್ಪ ತಡೆದು, “ಆ ಹೊಳೆ ನನಗೆ ಸರಿಯಾಗಿ ಗೊತ್ತಿಲ್ಲ. ದಿನವೂ ದಾಟುವವರನ್ನು ಕೇಳಿ ಹೋಗು” ಎಂದಿತು.

“ನನಗೆ ವಿಚಾರಿಯೇ ಸಾಕು” ಎಂದಿತು ಕೆಂಚಿ. “ಎಡಗಡೆ ಇರೋದು ಬರೀ ಕೆಸರು. ಮರಿಯಾಗಿದ್ದಾಗಿನಿಂದ ನಾನು ಬಲಗಡೆಯೇ ದಾಟ್ತಿದ್ದೀನಿ.”

ಕೈಗೆ ಬಂದ ನೇರಳೆ ಬುಟ್ಟಿ ಹೋಯಿತಲ್ಲ ಎಂದು ನರಿಗೆ ಸಿಟ್ಟು ಬಂತು. “ಮಹಾಜ್ಞಾನಿಗಿಂತ ನೀನು ಜಾಣೆಯೋ? ನಾನೇ ದಾಟಿ ತೋರಿಸ್ತೀನಿ, ಬನ್ನಿ!”

ನರಿ ಓಡಿತು. ಕಾಡಿಗೆ ಕಾಡೇ ಹಿಂದೆ ಓಡಿತು. ಬಂಡೆಯ ಎಡಗಡೆ ನರಿ ಒಂದೇ ನೆಗೆತ ನೆಗೆಯಿತು. ಪಚಕ್! ಕುತ್ತಿಗೆವರೆಗೂ ಕೆಸರು!

“ಅಯ್ಯಯ್ಯೋ, ಎಳೀರಪ್ಪಾ!”

ಆನೆ ಸೊಂಡಿಲು ಚಾಚಿ ಎಳೆದು ದಡಕ್ಕೆ ಹಾಕಿತು. “ಅಲ್ಲಯ್ಯ, ಊರಿಗೆಲ್ಲ ಹೊಗಳಿದೆಯಲ್ಲ. ಒಂದು ಸಲವಾದರೂ ನೀನು ಅದನ್ನು ಪರೀಕ್ಷಿಸಿದ್ದೆಯಾ?” ಎಂದು ಕೇಳಿತು. ನರಿ ಬಾಯಲ್ಲಿದ್ದ ಕೆಸರು ಉಗುಳಿ, ಬಾಲ ಮುದುರಿಕೊಂಡು ಪೊದೆಯೊಳಗೆ ನುಸುಳಿತು. ಮತ್ತೆ ಯಾರೂ ಅದಕ್ಕೆ ಹಣ್ಣಿನ ಬುಟ್ಟಿ ತರಲಿಲ್ಲ.

ಕೆಂಚಿ ವಿಚಾರಿಯ ಬಳಿಗೆ ಹೋಗಿ ಮರಿಯ ಕಷ್ಟ ಹೇಳಿತು. “ಮೊದಲು ಮುಳ್ಳು ತೆಗೆಸು. ಚೊಕ್ಕ ನೀರಿನಲ್ಲಿ ಗಾಯ ತೊಳೆ. ಬಾವು ಇಳಿಯದಿದ್ದರೆ ತಡಮಾಡದೆ ತಿಳಿದವರಿಗೆ ತೋರಿಸು” ಎಂದಿತು ಪೆಟ್ಟಿಗೆ. ಕೋತಿ ತನ್ನ ಸಣ್ಣ ಬೆರಳುಗಳಿಂದ ಮುಳ್ಳು ಕಿತ್ತಿತು. ಕೆಂಚಿ ಗಾಯ ತೊಳೆಯಿತು. ಮೂರನೆಯ ದಿನ ಬಾವು ಇಳಿಯಿತು. ನಾಲ್ಕನೆಯ ದಿನ ಮರಿ ಎದ್ದು ಚಂಗನೆ ನೆಗೆದು ಅಮ್ಮನಿಗಿಂತ ಮುಂದೆ ಓಡಿತು!

ನೀತಿ: ಹೊಸದು, ದೊಡ್ಡದು ಎಂಬ ಹೊಗಳಿಕೆಗೆ ಮರುಳಾಗದೆ ಪರೀಕ್ಷಿಸಿ ನಂಬಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರೇ ನಂಬಿಕೆಗೆ ಯೋಗ್ಯರು.